ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದರೆ: ಕೀಹೋಲ್ ಆಪರೇಷನ್ನೋ, ಹೊಟ್ಟೆ ತೆರೆದು ಮಾಡುವ ಆಪರೇಷನ್ನೋ?



ಮನೆಯ ಹಿರಿಯರೊಬ್ಬರಿಗೆ ಸೊಂಟ ನೋವು ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಕಿಡ್ನಿಯಲ್ಲಿ ಕಲ್ಲು ಇರಬಹುದೇನೋ ಅಂತ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಕಲ್ಲು ಇರುವುದಿಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ಬೇರೆಯೇ ಒಂದು ಸಾಲು ಇರುತ್ತದೆ: ಹೊಟ್ಟೆಯ ಮಹಾಪಧಮನಿ ಉಬ್ಬಿದೆ, ಅಗಲ ಇಷ್ಟು ಸೆಂಟಿಮೀಟರ್. ಡಾಕ್ಟರು, "ಇದು ಒಡೆದರೆ ಕಷ್ಟ, ಆಪರೇಷನ್ ಬೇಕಾಗಬಹುದು" ಅನ್ನುತ್ತಾರೆ. ನೆಂಟರಲ್ಲಿ ಒಬ್ಬರು, "ಕೀಹೋಲ್ ಮಾಡಿಸಿ, ಮೂರು ದಿನಕ್ಕೆ ಮನೆಗೆ ಬರಬಹುದು" ಅಂತಾರೆ. ಇನ್ನೊಬ್ಬರು, "ಹೊಟ್ಟೆ ತೆರೆದು ಮಾಡಿದ್ದೇ ಗಟ್ಟಿ" ಅಂತಾರೆ. ಅವತ್ತು ಸಂಜೆಯೇ ಆ ಮನೆಯ ಸೊಸೆ ಸಂಘದ ಅಧ್ಯಕ್ಷೆಯ ಬಾಗಿಲಿಗೆ ಬರುತ್ತಾಳೆ. "ಅಕ್ಕಾ, ಮಾವನಿಗೆ ದೊಡ್ಡ ಆಪರೇಷನ್ ಅಂತೆ. ಸಂಘದಿಂದ ಸಾಲ ಎಷ್ಟು ಸಿಗಬಹುದು?"

ಸಾಲದ ಮಾತಿಗಿಂತ ಮೊದಲು ಕಾಯಿಲೆಯ ಮಾತು ಆಗಬೇಕು. ಈ ಕಾಯಿಲೆಯಲ್ಲಿ ಯಾವ ಆಪರೇಷನ್ ಎಂಬ ತೀರ್ಮಾನ ಮುಂದಿನ ಹತ್ತು ವರ್ಷ ಮನೆಯವರು ಏನು ಮಾಡಬೇಕಾಗುತ್ತದೆ ಎಂಬುದನ್ನೂ ತೀರ್ಮಾನಿಸಿಬಿಡುತ್ತದೆ. ಇದನ್ನು ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾರೂ ಕೂತು ಹೇಳುವುದಿಲ್ಲ. ಅದಕ್ಕೇ ಈ ಲೇಖನ.

ಮಹಾಪಧಮನಿ ಎಂದರೇನು?

ಹೃದಯದಿಂದ ಹೊರಟ ರಕ್ತವನ್ನು ಇಡೀ ದೇಹಕ್ಕೆ ಒಯ್ಯುವ ಮುಖ್ಯ ಕೊಳವೆಯೇ ಮಹಾಪಧಮನಿ. ಡಾಕ್ಟರರು ಇದನ್ನು 'ಅಯೋರ್ಟಾ' ಎನ್ನುತ್ತಾರೆ. ಇದು ಎದೆಯಿಂದ ಕೆಳಗಿಳಿದು, ಬೆನ್ನುಮೂಳೆಯ ಮುಂದುಗಡೆ ಹೊಟ್ಟೆಯ ಮೂಲಕ ಸಾಗಿ, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಎರಡೂ ಕಾಲಿನ ಕಡೆಗೆ ಹೋಗುತ್ತದೆ. ದಾರಿಯಲ್ಲಿ ಕಿಡ್ನಿಗಳಿಗೆ, ಕರುಳಿಗೆ ಕವಲುಗಳನ್ನು ಕೊಡುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಅಗಲ ಸುಮಾರು 2 ಸೆಂ.ಮೀ.

ಹಳೆಯ ಸೈಕಲ್ ಟ್ಯೂಬು ಸವೆದ ಜಾಗದಲ್ಲಿ ಉಬ್ಬಿ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಈ ರಕ್ತನಾಳದ ಗೋಡೆಯೂ ಹಾಗೆಯೇ ದುರ್ಬಲವಾದ ಕಡೆ ಉಬ್ಬುತ್ತದೆ. ಅಗಲ 3 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಾದರೆ ಅದಕ್ಕೆ 'ಅನ್ಯೂರಿಸಂ' ಎನ್ನುತ್ತಾರೆ. ಬಹಳಷ್ಟು ಜನರಿಗೆ ನೋವಿಲ್ಲ, ಜ್ವರ ಇಲ್ಲ, ಏನೂ ಇಲ್ಲ. ತೆಳ್ಳಗಿರುವ ಕೆಲವರಿಗೆ ಅಂಗಾತ ಮಲಗಿದಾಗ ಹೊಕ್ಕುಳಿನ ಹತ್ತಿರ ಬಡಿದುಕೊಂಡ ಹಾಗೆ ಅನಿಸಬಹುದು, ಅಷ್ಟೆ. ಹೆಚ್ಚಿನವು ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸುವಾಗ ಆಕಸ್ಮಿಕವಾಗಿ ಸಿಗುತ್ತವೆ.

ಯಾರಿಗೆ ಹೆಚ್ಚು? 65 ದಾಟಿದವರಿಗೆ, ಹೆಂಗಸರಿಗಿಂತ ಗಂಡಸರಿಗೆ, ಬಿ.ಪಿ. ಇರುವವರಿಗೆ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದವರಿಗೆ. ಇವೆಲ್ಲಕ್ಕಿಂತ ಮುಖ್ಯವಾಗಿ ಬೀಡಿ, ಸಿಗರೇಟು ಸೇದುವವರಿಗೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಸಹೋದರಿಯರು ಕರಾವಳಿಯ ಸಂಘಗಳಲ್ಲಿ ಬಹಳ ಜನ ಇದ್ದಾರೆ. ಅವರ ಮನಸ್ಸು ನೋಯಿಸಲು ಈ ಮಾತು ಹೇಳುತ್ತಿಲ್ಲ. ಆದರೆ ಸತ್ಯವನ್ನು ಮುಚ್ಚಿಡಲಿಕ್ಕೂ ಆಗೋದಿಲ್ಲ. ಉಬ್ಬು ಬರಲಿಕ್ಕೂ, ಬಂದ ಉಬ್ಬು ಬೇಗ ದೊಡ್ಡದಾಗಲಿಕ್ಕೂ ಹೊಗೆಯೇ ದೊಡ್ಡ ಕಾರಣ.

ಹೆಂಗಸರಿಗೆ ಈ ಉಬ್ಬು ಬರುವುದು ಕಡಿಮೆ. ಆದರೆ ಬಂದರೆ ಗಂಡಸರಿಗಿಂತ ಚಿಕ್ಕ ಗಾತ್ರದಲ್ಲೇ ಒಡೆಯುವ ಸಂಭವ ಇದೆ. ಹಾಗಾಗಿ "ಇದು ಗಂಡಸರ ಕಾಯಿಲೆ" ಅಂತ ಅತ್ತೆಯ ರಿಪೋರ್ಟನ್ನು ಪಕ್ಕಕ್ಕೆ ಇಡಬೇಡಿ. ಹರೆಯದ ಹೆಣ್ಣುಮಕ್ಕಳಲ್ಲಿ ಮಹಾಪಧಮನಿಗೆ ಬರುವ ಇನ್ನೊಂದು ಕಾಯಿಲೆ ಇದೆ, 'ಟಕಯಾಸು' ಎಂದು ಹೆಸರು. ರಕ್ತನಾಳದ ಗೋಡೆ ಊದಿಕೊಂಡು ಕಿರಿದಾಗುತ್ತದೆ, ಒಂದು ಕೈಯಲ್ಲಿ ನಾಡಿ ಸಿಗುವುದೇ ಕಷ್ಟವಾಗುತ್ತದೆ. ಅದಕ್ಕೆ ಮೊದಲು ಔಷಧಿ. ಕತ್ತರಿಯ ಮಾತು ಆಮೇಲೆ. ಇಲ್ಲಿ ಹೇಳುತ್ತಿರುವುದು ವಯಸ್ಸಾದವರ ಉಬ್ಬಿನ ವಿಷಯ.

ಉಬ್ಬು ಕಂಡ ಎಲ್ಲರಿಗೂ ಆಪರೇಷನ್ ಬೇಕೇ?

ಬೇಡ. ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ಸಾಲದ ಅರ್ಜಿ ಬರೆಯುವ ಮುಂಚೆ ರಿಪೋರ್ಟಿನಲ್ಲಿ ಅಗಲ ಎಷ್ಟು ಅಂತ ನೋಡಬೇಕು. ಸಾಮಾನ್ಯವಾಗಿ ಗಂಡಸರಿಗೆ 5.5 ಸೆಂ.ಮೀ., ಹೆಂಗಸರಿಗೆ 5 ಸೆಂ.ಮೀ. ತಲುಪಿದಾಗ ಆಪರೇಷನ್ ಯೋಚನೆ ಮಾಡುತ್ತಾರೆ. ವರ್ಷಕ್ಕೆ 1 ಸೆಂ.ಮೀ.ಗಿಂತ ಹೆಚ್ಚು ಬೆಳೆದರೆ, ಅಥವಾ ನೋವು ಶುರುವಾದರೆ ಅದಕ್ಕಿಂತ ಮೊದಲೇ. ಚಿಕ್ಕ ಉಬ್ಬಿಗೆ ಬೇಗ ಆಪರೇಷನ್ ಮಾಡಿದರೆ ಜನ ಹೆಚ್ಚು ಕಾಲ ಬದುಕುತ್ತಾರೆಯೇ ಎಂದು ಬ್ರಿಟನ್ನಿನಲ್ಲಿ ಮತ್ತು ಅಮೆರಿಕದಲ್ಲಿ ದೊಡ್ಡ ಅಧ್ಯಯನಗಳು ನಡೆದವು. 1998ರಲ್ಲಿ ಒಂದರ, 2002ರಲ್ಲಿ ಇನ್ನೊಂದರ ಫಲಿತಾಂಶ ಬಂತು. ಎರಡರಲ್ಲೂ ಉತ್ತರ ಒಂದೇ: 5.5 ಸೆಂ.ಮೀ.ಗಿಂತ ಕಡಿಮೆ ಇರುವಾಗ ಆಪರೇಷನ್ ಮಾಡಿ ಲಾಭ ಇಲ್ಲ. ಕಾಲಕಾಲಕ್ಕೆ ಸ್ಕ್ಯಾನಿಂಗ್ ಮಾಡಿಸುತ್ತಾ, ಬೀಡಿ ಬಿಟ್ಟು, ಬಿ.ಪಿ. ಮತ್ತು ಕೊಬ್ಬಿನ ಮಾತ್ರೆ ತೆಗೆದುಕೊಂಡರೆ ಸಾಕು. 4 ಸೆಂ.ಮೀ. ಉಬ್ಬಿಗೆ "ನಾಳೆಯೇ ಮಾಡಿಸಿ" ಅಂತ ಯಾರಾದರೂ ಹೆದರಿಸಿದರೆ, ಇನ್ನೊಬ್ಬ ಡಾಕ್ಟರರನ್ನು ಕೇಳುವಷ್ಟು ಸಮಯ ನಿಮಗೆ ಖಂಡಿತ ಇದೆ.

ಹೊಟ್ಟೆ ತೆರೆದು ಮಾಡುವ ಆಪರೇಷನ್

ಮಕ್ಕಳ ಪಾಠಪುಸ್ತಕದಲ್ಲಿ ಬರುವ ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೂ ಇದೇ ಕಾಯಿಲೆ ಇತ್ತು. ಅವರು ಪೈಪು ಸೇದುತ್ತಿದ್ದರು. 1948ರಲ್ಲಿ ಡಾ. ರುಡಾಲ್ಫ್ ನಿಸ್ಸೆನ್ ಅವರ ಹೊಟ್ಟೆ ತೆರೆದು ನೋಡಿದಾಗ ದೊಡ್ಡ ಉಬ್ಬು ಕಂಡಿತು. ಆಗ ರಕ್ತನಾಳ ಬದಲಾಯಿಸುವ ವಿದ್ಯೆ ಇರಲಿಲ್ಲ. ಬಿಸ್ಕತ್ತು, ಉಡುಗೊರೆ ಸುತ್ತುವ ಆ ಗಾಜಿನಂಥ ಹಾಳೆ ಇದೆಯಲ್ಲ, ಸೆಲೋಫೇನ್, ಅದನ್ನೇ ಉಬ್ಬಿನ ಸುತ್ತ ಸುತ್ತಿದರು. ಅದು ಕೆರಳಿ ಗಟ್ಟಿಯಾಗಿ ಉಬ್ಬನ್ನು ಹಿಡಿದಿಟ್ಟುಕೊಳ್ಳಲಿ ಎಂಬ ಆಸೆ. ಐನ್‌ಸ್ಟೈನ್ ಆರು ವರ್ಷಕ್ಕೂ ಹೆಚ್ಚು ಬದುಕಿದರು. 1955ರ ಏಪ್ರಿಲಿನಲ್ಲಿ ಉಬ್ಬು ಒಡೆಯಿತು. ಅಷ್ಟು ಹೊತ್ತಿಗೆ ಹೊಸ ಆಪರೇಷನ್ ಬಂದಿತ್ತು, ಆದರೆ ಅವರು ಬೇಡ ಎಂದರು. ಆಗ ಅವರಿಗೆ 76 ವರ್ಷ.

ಆ ಹೊಸ ಆಪರೇಷನ್ನನ್ನು ಪ್ಯಾರಿಸಿನಲ್ಲಿ ಡಾ. ಚಾರ್ಲ್ಸ್ ಡ್ಯುಬೋಸ್ಟ್ 1951ರಲ್ಲಿ ಮಾಡಿದ್ದರು. ಉಬ್ಬಿದ ಭಾಗ ತೆಗೆದು ಮೃತ ದಾನಿಯೊಬ್ಬರ ರಕ್ತನಾಳದ ತುಂಡನ್ನು ಜೋಡಿಸಿದರು. ಆದರೆ ಪ್ರತಿ ರೋಗಿಗೂ ಅಂಥ ತುಂಡು ಎಲ್ಲಿಂದ ತರುವುದು? ಅದಕ್ಕೆ ಉತ್ತರ ಕಂಡುಕೊಂಡವರು ಅಮೆರಿಕದ ಹ್ಯೂಸ್ಟನ್ನಿನ ಡಾ. ಮೈಕೆಲ್ ಡಿಬೇಕಿ. ನಮ್ಮ ಟೈಲರಿಂಗ್ ಕಲಿತ ಸಹೋದರಿಯರು ಇದನ್ನು ಕೇಳಿದರೆ ಖುಷಿಪಡುತ್ತಾರೆ. ಡಿಬೇಕಿಗೆ ಹೊಲಿಗೆ ಕಲಿಸಿದ್ದು ಅವರ ತಾಯಿ. 1950ರ ದಶಕದ ಆರಂಭದಲ್ಲಿ ಅವರು ಅಂಗಡಿಯಿಂದ ಡೇಕ್ರಾನ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲೇ ಕೊಳವೆ ಹೊಲಿದರು. ಡೇಕ್ರಾನ್ ಅಂದರೆ ಬೇರೇನಲ್ಲ, ನಾವು ಉಡುವ ಪಾಲಿಯೆಸ್ಟರ್ ಸೀರೆಯ ಜಾತಿಯ ನೂಲು. ಇವತ್ತಿಗೂ ಈ ಆಪರೇಷನ್ನಿಗೆ ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್ ಕೊಳವೆಯನ್ನೇ. ಸ್ವತಃ ಡಿಬೇಕಿಯವರಿಗೆ 97ನೇ ವಯಸ್ಸಿನಲ್ಲಿ ಎದೆಯ ಭಾಗದ ಮಹಾಪಧಮನಿ ಸೀಳಿದಾಗ ಅಂಥದೇ ಬಟ್ಟೆಯ ಕೊಳವೆ ಹಾಕಿ ಉಳಿಸಿದರು.

ಈಗ ಮಾಡುವ ಕ್ರಮ ಹೀಗೆ. ಪೂರ್ತಿ ಅರಿವಳಿಕೆ ಕೊಟ್ಟು, ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನ ಕೆಳಗಿನವರೆಗೆ ಕೊಯ್ಯುತ್ತಾರೆ. ಕರುಳನ್ನು ಪಕ್ಕಕ್ಕೆ ಸರಿಸಿ, ಉಬ್ಬಿನ ಮೇಲೂ ಕೆಳಗೂ ಇಕ್ಕಳ ಹಾಕಿ ರಕ್ತ ನಿಲ್ಲಿಸುತ್ತಾರೆ. ಉಬ್ಬನ್ನು ಸೀಳಿ ಒಳಗೆ ಬಟ್ಟೆಯ ಕೊಳವೆ ಹೊಲಿದು, ಹಳೆಯ ಗೋಡೆಯನ್ನೇ ಅದರ ಮೇಲೆ ಮುಚ್ಚಿ ಹೊಲಿಯುತ್ತಾರೆ. ಹೃದಯ, ಶ್ವಾಸಕೋಶ, ಕಿಡ್ನಿ ಇಷ್ಟನ್ನೂ ತಡೆದುಕೊಳ್ಳುವಷ್ಟು ಗಟ್ಟಿ ಇರಬೇಕು. ಒಂದೆರಡು ದಿನ ಐ.ಸಿ.ಯು., ಒಟ್ಟು ವಾರ ಹತ್ತು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೂ ಮೊದಲಿನ ಶಕ್ತಿ ಬರಲು ಎರಡು ಮೂರು ತಿಂಗಳು. ಕೆಲವರಿಗೆ ಮುಂದೆ ಹೊಟ್ಟೆಯ ಗಾಯದ ಜಾಗದಲ್ಲಿ ಹರ್ನಿಯಾ ಬರುತ್ತದೆ.

ಕೀಹೋಲ್ ಅಂದರೆ ಯಾವುದು?

ನಮ್ಮಲ್ಲಿ ಬಹಳ ಜನಕ್ಕೆ 'ಕೀಹೋಲ್' ಅಂದರೆ ಸಂತಾನಹರಣದ ಲ್ಯಾಪ್ರೋಸ್ಕೋಪಿ ನೆನಪಾಗುತ್ತದೆ. ಕ್ಯಾಂಪಿಗೆ ಬೆಳಿಗ್ಗೆ ಹೋಗಿ ಸಂಜೆ ಬಂದವರೂ ಇದ್ದಾರೆ. ಅದೇ ಲೆಕ್ಕದಲ್ಲಿ ಇದನ್ನೂ ನೋಡಿದರೆ ತಪ್ಪಾಗುತ್ತದೆ.

ಹೊಟ್ಟೆಗೆ ರಂಧ್ರ ಮಾಡಿ ಕ್ಯಾಮೆರಾ ಹಾಕಿ ಮಹಾಪಧಮನಿಯ ಆಪರೇಷನ್ ಮಾಡುವುದೂ ಉಂಟು. 1993ರಲ್ಲಿ ಕೆನಡಾದಲ್ಲಿ ಇದು ಶುರುವಾಯಿತು. ರಂಧ್ರದ ಮೂಲಕ ಉದ್ದನೆಯ ಸಲಕರಣೆ ಹಿಡಿದು ಬಡಿಯುವ ರಕ್ತನಾಳಕ್ಕೆ ಹೊಲಿಗೆ ಹಾಕುವುದು ಬಹಳ ಕಷ್ಟದ ಕೆಲಸ, ಸಮಯವೂ ಹೆಚ್ಚು ಬೇಕು. ಬೆರಳೆಣಿಕೆಯ ಕೇಂದ್ರಗಳಲ್ಲಿ ಮಾತ್ರ ಮಾಡುತ್ತಾರೆ. ಉಬ್ಬಿನ ರೋಗಿಗೆ ಇದು ತೆರೆದ ಆಪರೇಷನ್ನಿಗಿಂತ ಮೇಲು ಎಂದು ತೋರಿಸುವ ಸಾಕಷ್ಟು ಪುರಾವೆ ಬಂದಿಲ್ಲ.

ಡಾಕ್ಟರು ನಿಮಗೆ ಹೇಳುವ ಕೀಹೋಲ್ ಬಹುತೇಕ ಬೇರೆಯದು. ಅದಕ್ಕೆ 'ಈವಾರ್' ಎನ್ನುತ್ತಾರೆ. ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಎರಡೂ ತೊಡೆಸಂದಿನಲ್ಲಿ ಚಿಕ್ಕ ಗಾಯ ಮಾಡಿ, ಅಲ್ಲಿನ ರಕ್ತನಾಳದೊಳಗೆ ತಂತಿ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಮೇಲಕ್ಕೆ ಹೋಗುತ್ತಾರೆ. ಮಡಚಿದ ಕೊಡೆಯ ಹಾಗೆ ಒಳಗೆ ಹೋದ ಬಟ್ಟೆ ಮತ್ತು ಲೋಹದ ಕೊಳವೆ ಉಬ್ಬಿನ ಜಾಗದಲ್ಲಿ ಬಿಚ್ಚಿಕೊಂಡು ನಿಲ್ಲುತ್ತದೆ. ಇದಕ್ಕೆ 'ಸ್ಟೆಂಟ್ ಗ್ರಾಫ್ಟ್' ಎಂದು ಹೆಸರು. ಕೆಳಗೆ ಎರಡು ಕಾಲು ಇರುವುದರಿಂದ ನೋಡಲು ಪ್ಯಾಂಟಿನ ಹಾಗೆ. ರಕ್ತ ಇನ್ನು ಅದರೊಳಗೆ ಹರಿಯುತ್ತದೆ, ಹೊರಗಿನ ಉಬ್ಬಿನ ಮೇಲೆ ಒತ್ತಡ ಇಲ್ಲ. ಅರ್ಜೆಂಟೀನಾದ ಡಾ. ಹುವಾನ್ ಪರೋಡಿ 1990ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಹೊಟ್ಟೆಯ ಉಬ್ಬಿಗೆ ಇದನ್ನು ಮೊದಲು ಮಾಡಿದರು. ಎರಡು ಮೂರು ದಿನದಲ್ಲಿ ಮನೆ. ಕೆಲವರಿಗೆ ಪೂರ್ತಿ ಅರಿವಳಿಕೆಯೂ ಬೇಕಾಗುವುದಿಲ್ಲ.

ಎಲ್ಲರಿಗೂ ಇದು ಹೊಂದುವುದಿಲ್ಲ. ಕಿಡ್ನಿಯ ಕವಲುಗಳ ಕೆಳಗೆ, ಉಬ್ಬು ಶುರುವಾಗುವ ಮುಂಚೆ, ಕೊಳವೆ ಹಿಡಿದು ನಿಲ್ಲಲು ಒಂದು ಒಂದೂವರೆ ಸೆಂಟಿಮೀಟರಿನಷ್ಟಾದರೂ ಒಳ್ಳೆಯ ರಕ್ತನಾಳ ಇರಬೇಕು. ತೊಡೆಯ ರಕ್ತನಾಳವೂ ಸಾಕಷ್ಟು ಅಗಲ ಇರಬೇಕು. ಹೆಂಗಸರ ರಕ್ತನಾಳ ಕಿರಿದಾಗಿರುವುದರಿಂದ ಅವರಲ್ಲಿ ಹೆಚ್ಚು ಜನಕ್ಕೆ ಹೊಂದದೆ ಹೋಗುತ್ತದೆ. ಸಿ.ಟಿ. ಸ್ಕ್ಯಾನ್ ನೋಡಿಯೇ ಇದನ್ನು ಹೇಳಬೇಕು. ಆ ಸ್ಕ್ಯಾನಿಗೆ ಕೊಡುವ ಬಣ್ಣದ ಔಷಧಿ ಕಿಡ್ನಿಗೆ ಭಾರ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ.

ಹಾಗಾದರೆ ಯಾವುದು ಒಳ್ಳೆಯದು?

ಬ್ರಿಟನ್ನಿನಲ್ಲಿ 1999ರಿಂದ 2004ರವರೆಗೆ 1,252 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತೆರೆದ ಆಪರೇಷನ್, ಇನ್ನೊಂದಕ್ಕೆ ಈವಾರ್ ಎಂದು ನಿಗದಿಪಡಿಸಿದರು. ಮೊದಲ 30 ದಿನದ ಲೆಕ್ಕ ಹೀಗಿತ್ತು: ತೆರೆದ ಆಪರೇಷನ್ನಿನಲ್ಲಿ ಸಾವಿರಕ್ಕೆ ಸುಮಾರು 43 ಜನ ತೀರಿಕೊಂಡರು, ಈವಾರ್‌ನಲ್ಲಿ ಸಾವಿರಕ್ಕೆ ಸುಮಾರು 18. ಇಷ್ಟು ಕೇಳಿದರೆ ಯಾರಾದರೂ ಕೀಹೋಲ್ ಬೇಕು ಅಂತಲೇ ಹೇಳುತ್ತಾರೆ.

ಆದರೆ ಆ ರೋಗಿಗಳನ್ನು 15 ವರ್ಷ ಬಿಡದೆ ಗಮನಿಸಿದರು. 2016ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಕೆಲವು ವರ್ಷದಲ್ಲೇ ಆ ಲಾಭ ಕರಗಿ ಎರಡೂ ಗುಂಪು ಸಮ ಆಗಿದ್ದವು. 8 ವರ್ಷ ಕಳೆದ ಮೇಲೆ ಕೀಹೋಲ್ ಗುಂಪಿನಲ್ಲೇ ಸಾವು ಹೆಚ್ಚು. ಒಳಗೆ ಬಿಟ್ಟ ಹಳೆಯ ಉಬ್ಬು ಮತ್ತೆ ತುಂಬಿಕೊಂಡು ಒಡೆದದ್ದು ಅದಕ್ಕೆ ಒಂದು ಮುಖ್ಯ ಕಾರಣ. ನೆದರ್ಲೆಂಡ್ಸಿನ ಇನ್ನೊಂದು ಅಧ್ಯಯನದಲ್ಲಿ 6 ವರ್ಷದ ನಂತರ ಬದುಕಿದ್ದವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ನೂರಕ್ಕೆ 70ರ ಹತ್ತಿರ. ಆದರೆ ಮತ್ತೆ ಏನಾದರೊಂದು ಚಿಕಿತ್ಸೆಗೆ ಒಳಗಾಗಬೇಕಾದವರು ತೆರೆದ ಆಪರೇಷನ್ನಿನಲ್ಲಿ ನೂರಕ್ಕೆ ಸುಮಾರು 18, ಈವಾರ್‌ನಲ್ಲಿ ಸುಮಾರು 30. ತೆರೆದ ಗುಂಪಿನವರಿಗೆ ಹೆಚ್ಚಾಗಿ ಬೇಕಾದದ್ದು ಹರ್ನಿಯಾ ಸರಿಪಡಿಸುವುದು.

ಹೀಗೆ ಯಾಕೆ ಆಗುತ್ತದೆ? ತೆರೆದ ಆಪರೇಷನ್ನಿನಲ್ಲಿ ಕೊಳವೆಯನ್ನು ಕೈಯಿಂದ ಹೊಲಿದಿರುತ್ತಾರೆ. ಈವಾರ್‌ನಲ್ಲಿ ಅದು ಒತ್ತಿಕೊಂಡು, ಕೊಕ್ಕೆ ಹಿಡಿದು ನಿಂತಿರುತ್ತದೆ. ವರ್ಷಗಳು ಕಳೆದಂತೆ ಸ್ವಲ್ಪ ಜಾರಬಹುದು, ಅಂಚಿನಲ್ಲಿ ರಕ್ತ ಸೋರಬಹುದು. ನಲ್ಲಿಯ ವಾಶರ್ ಸೋರಿದರೆ ನಮಗೆ ಕಾಣುತ್ತದೆ. ಇದು ಕಾಣುವುದಿಲ್ಲ, ನೋವೂ ಇಲ್ಲ. ಅದಕ್ಕೇ ಈವಾರ್ ಆದವರು ಮೊದಲ ತಿಂಗಳು ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಲೇ ಇರಬೇಕು. ಎಷ್ಟು ವರ್ಷ? ಬದುಕಿರುವವರೆಗೆ. ಸೋರಿಕೆ ಸಣ್ಣದಿರುವಾಗ ಕಂಡರೆ ಅನೇಕ ಸಲ ಮತ್ತೆ ತಂತಿಯ ಮೂಲಕವೇ ಸರಿಪಡಿಸಬಹುದು.

ಆ ಅಧ್ಯಯನದ ಕಾಲದ ಕೊಳವೆಗಳಿಗಿಂತ ಈಗಿನವು ಸುಧಾರಿಸಿವೆ ಎಂಬುದನ್ನೂ ಹೇಳಬೇಕು. ದೊಡ್ಡ ಡಾಕ್ಟರರಲ್ಲೇ ಒಮ್ಮತ ಇಲ್ಲ. ಬ್ರಿಟನ್ನಿನ 2020ರ ಮಾರ್ಗಸೂಚಿ, ಒಡೆಯದ ಉಬ್ಬಿಗೆ ರೋಗಿ ತಡೆದುಕೊಳ್ಳುವಂತಿದ್ದರೆ ತೆರೆದ ಆಪರೇಷನ್ನನ್ನೇ ಮುಂದಿಡುತ್ತದೆ. ಯುರೋಪಿನ ರಕ್ತನಾಳ ತಜ್ಞರ ಸಂಘ, ರಕ್ತನಾಳದ ಆಕಾರ ಹೊಂದುವುದಾದರೆ ಹೆಚ್ಚಿನವರಿಗೆ ಈವಾರ್ ಎನ್ನುತ್ತದೆ. ಇನ್ನೂ ಬಹಳ ವರ್ಷ ಬದುಕುವ ನಿರೀಕ್ಷೆ ಇರುವ ಗಟ್ಟಿಮುಟ್ಟಾದವರಿಗೆ ತೆರೆದದ್ದು ಎನ್ನುತ್ತದೆ. ಹಾಗಾಗಿ 80 ವರ್ಷದ, ಹೃದಯ ದುರ್ಬಲವಾದ ಅಜ್ಜನಿಗೆ ಒಂದು ಉತ್ತರ, 62 ವರ್ಷದ, ತೋಟದಲ್ಲಿ ದುಡಿಯುವ ಮಾವನಿಗೆ ಇನ್ನೊಂದು ಉತ್ತರ.

ಮನೆಯ ಲೆಕ್ಕ

ಈ ಭಾಗವನ್ನು ಡಾಕ್ಟರು ಹೇಳುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ತೆರೆದ ಆಪರೇಷನ್ ಆದರೆ ಎರಡು ಮೂರು ತಿಂಗಳು ಮನೆಯಲ್ಲಿ ಒಬ್ಬರು ನೋಡಿಕೊಳ್ಳಲು ಬೇಕು. ಆ 'ಒಬ್ಬರು' ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಅಷ್ಟು ದಿನ ಅವಳ ಕೂಲಿ ಇಲ್ಲ, ಸಂಘದ ಕಂತೂ ತಡವಾಗುತ್ತದೆ. ಸಾಲ ಕೊಡುವಾಗ ಸಂಘವು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕಂತು ಶುರುವಾಗುವ ತಿಂಗಳನ್ನು ಮುಂದಕ್ಕೆ ಹಾಕಿದರೆ ಒಳ್ಳೆಯದು.

ಕೀಹೋಲ್ ಆದರೆ ಮನೆಯ ಕಷ್ಟ ಕಡಿಮೆ. ಆದರೆ ಸ್ಟೆಂಟ್ ಗ್ರಾಫ್ಟಿಗೇ ಲಕ್ಷಗಟ್ಟಲೆ ಬೆಲೆ, ಮೇಲೆ ಪ್ರತಿ ವರ್ಷ ಸ್ಕ್ಯಾನಿಂಗ್ ಖರ್ಚು, ಊರಿನಿಂದ ದೊಡ್ಡ ಆಸ್ಪತ್ರೆಗೆ ಬಸ್ ಖರ್ಚು, ಜೊತೆಗೆ ಬರುವವರ ಒಂದು ದಿನ. ಮೊದಲ ವರ್ಷ ಎಲ್ಲರೂ ಹೋಗುತ್ತಾರೆ. ನಾಲ್ಕನೇ ವರ್ಷ "ಚೆನ್ನಾಗಿದ್ದಾರಲ್ಲ, ಯಾಕೆ ಸುಮ್ಮನೆ" ಅನಿಸುತ್ತದೆ. ಅಪಾಯ ಇರುವುದು ಅಲ್ಲೇ. ನನ್ನ ಅಭಿಪ್ರಾಯ ಕೇಳಿದರೆ, ವರ್ಷ ವರ್ಷ ಹೋಗಲು ಆಗುವುದೇ ಇಲ್ಲ ಎಂದು ಮನೆಯವರಿಗೆ ಈಗಲೇ ಗೊತ್ತಿದ್ದರೆ, ನಾಚಿಕೆ ಪಡದೆ ಆ ಮಾತನ್ನು ಡಾಕ್ಟರ ಮುಂದೆ ಇಡಬೇಕು. "ಸರ್, ನಮಗೆ ಪ್ರತಿ ವರ್ಷ ಇಷ್ಟು ದೂರ ಬರಲಿಕ್ಕೆ ಆಗುತ್ತೋ ಇಲ್ವೋ. ಅದನ್ನು ನೋಡಿ ಯಾವುದು ಮಾಡಬೇಕು ಹೇಳಿ" ಅಂದರೆ ಸಾಕು. ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ಜೊತೆಗೆ, ಈ ಆಪರೇಷನ್ ಅವರ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ಮಾಡುತ್ತಾರೆ, ಎರಡೂ ವಿಧಾನ ಅಲ್ಲಿ ಇದೆಯೇ ಎಂದೂ ಕೇಳಿ. ಒಂದೇ ವಿಧಾನ ಗೊತ್ತಿರುವ ಕಡೆ ಅದನ್ನೇ ಹೊಗಳುವುದು ಸಹಜ.

ಹಣದ ಬಗ್ಗೆ ಒಂದು ಮಾತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ಗರಿಷ್ಠ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಮಾಡಿಸಿಕೊಳ್ಳಬೇಕು. ಯಾವ ಆಪರೇಷನ್ ಪಟ್ಟಿಯಲ್ಲಿದೆ, ಸ್ಟೆಂಟ್ ಗ್ರಾಫ್ಟಿನ ಬೆಲೆಯೂ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಆಮೇಲೆ ಸಂಘದ ಸಾಲಕ್ಕೆ ಬನ್ನಿ.

ತಕ್ಷಣ ಓಡಬೇಕಾದದ್ದು ಯಾವಾಗ?

ಉಬ್ಬು ಇದೆ ಎಂದು ಗೊತ್ತಿರುವವರಿಗೆ, ಅಥವಾ ಬೀಡಿ ಸೇದುವ ವಯಸ್ಸಾದವರಿಗೆ ಹಠಾತ್ತನೆ ಹೊಟ್ಟೆ, ಸೊಂಟ ಅಥವಾ ಬೆನ್ನಿನಲ್ಲಿ ತಡೆಯಲಾರದ ನೋವು ಬಂದು, ತಣ್ಣನೆ ಬೆವರಿ, ತಲೆ ತಿರುಗಿ ಬಿದ್ದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ. ಉಬ್ಬು ಒಡೆದಿರಬಹುದು. ಒಡೆದವರಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಉಳಿಯುವುದಿಲ್ಲ, ಅನೇಕರು ಆಸ್ಪತ್ರೆಗೇ ತಲುಪುವುದಿಲ್ಲ. 108ಕ್ಕೆ ಫೋನ್ ಮಾಡಿ, "ಮಹಾಪಧಮನಿಯ ಉಬ್ಬು ಇದೆ" ಎಂದು ಮೊದಲೇ ಹೇಳಿ, ಹಳೆಯ ರಿಪೋರ್ಟ್ ಕೈಯಲ್ಲಿ ಹಿಡಿದುಕೊಳ್ಳಿ. ಒಡೆದ ಮೇಲೂ ಎರಡು ವಿಧಾನಗಳಿವೆ. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ ಮೊದಲ ತಿಂಗಳ ಸಾವು ಎರಡರಲ್ಲೂ ಹತ್ತಿರ ಹತ್ತಿರ ಒಂದೇ ಇತ್ತು, ನೂರಕ್ಕೆ 35ರಿಂದ 37. ಹೆಂಗಸರಿಗೆ ಮಾತ್ರ ಕೀಹೋಲ್‌ನಿಂದ ಹೆಚ್ಚು ಉಪಯೋಗ ಆದಂತೆ ಕಂಡಿತು. ಆದರೆ ಆ ಹೊತ್ತಿನಲ್ಲಿ ಆರಿಸುತ್ತಾ ಕೂರುವ ಅವಕಾಶ ಇರುವುದಿಲ್ಲ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಕ್ತನಾಳದ ಸರ್ಜನ್ ಇದ್ದಾರೋ ಅಲ್ಲಿಗೆ.

ಇಂಗ್ಲೆಂಡಿನಲ್ಲಿ 65 ತುಂಬಿದ ಪ್ರತಿ ಗಂಡಸಿಗೂ ಸರ್ಕಾರವೇ ಒಂದು ಸಲ ಹೊಟ್ಟೆಯ ಸ್ಕ್ಯಾನಿಂಗ್‌ಗೆ ಕರೆ ಕಳಿಸುತ್ತದೆ. ನಮ್ಮ ದೇಶದಲ್ಲಿ ಅಂಥ ಕಾರ್ಯಕ್ರಮ ಇಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಈ ಉಬ್ಬು ಕಂಡರೆ, ಅವರ ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ವಯಸ್ಸಾದವರಿಗೂ ಒಂದು ಸಲ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಲು ಹೇಳಿ ಕಳಿಸಿ. ಗರ್ಭಿಣಿಯರಿಗೆ ಮಾಡುವಂಥದೇ ಸ್ಕ್ಯಾನಿಂಗ್ ಅದು, ಸೂಜಿ ಇಲ್ಲ, ನೋವಿಲ್ಲ, ಹತ್ತು ನಿಮಿಷದ ಕೆಲಸ.